ಮಬ್ಬು ಮಾತು, ಖಚಿತ ತಾಳ: ಆರ್.ಇ.ಎಂ. ತಂಡದ ಮೊದಲ ಆಲ್ಬಮ್



ಈ ದತ್ತಿ ಉಪನ್ಯಾಸಕ್ಕೆ ಕರೆ ಬಂದಾಗ ನಾನು ಮೊದಲು ವಿಚಾರಿಸಿದ್ದು ದತ್ತಿಪತ್ರದಲ್ಲಿ ಏನು ಬರೆದಿದೆ ಎಂದು. 'ಸಂಗೀತದ ರಸಾಸ್ವಾದನೆ' ಎಂದಷ್ಟೇ ಇದೆ, ಯಾವ ಸಂಗೀತ ಎಂದು ಹೇಳಿಲ್ಲ. ಬರೆದವರ ಮನಸ್ಸಿನಲ್ಲಿ ಅಮೆರಿಕದ ರಾಕ್ ತಂಡವೊಂದು ಖಂಡಿತ ಇದ್ದಿರಲಿಕ್ಕಿಲ್ಲ. ಆದರೂ ಪತ್ರ ಬಿಟ್ಟುಕೊಟ್ಟ ಜಾಗದಲ್ಲಿ ಕಾಲು ಚಾಚುವುದು ಉಪನ್ಯಾಸಕರ ಹಕ್ಕು ಎಂದುಕೊಂಡು, 1983ರ ಏಪ್ರಿಲ್ 12ರಂದು ಹೊರಬಂದ ಒಂದು ಆಲ್ಬಮ್ಮಿನ ಬಗ್ಗೆ ಇವತ್ತು ಮಾತಾಡುತ್ತೇನೆ. ತಂಡದ ಹೆಸರು ಆರ್.ಇ.ಎಂ. ಆಲ್ಬಮ್ಮಿನ ಹೆಸರು 'ಮರ್ಮರ್'. ಬದಿಗೆ ಆರರಂತೆ ಹನ್ನೆರಡು ಹಾಡು, ಎಲ್ಲ ಸೇರಿ ಮುಕ್ಕಾಲು ಗಂಟೆಯ ಒಳಗೆ.

ತೊಂಬತ್ತರ ದಶಕದಲ್ಲಿ ಕಾಲೇಜಿನಲ್ಲಿದ್ದವರಿಗೆ ಈ ತಂಡ ಗೊತ್ತಿರುವುದು 'ಲೂಸಿಂಗ್ ಮೈ ರಿಲಿಜನ್' ಹಾಡಿನಿಂದ. ಅದು 1991ರದ್ದು. ಉಪಗ್ರಹ ವಾಹಿನಿಗಳು ನಮ್ಮ ಮನೆಗಳಿಗೆ ಬಂದ ಹೊಸತರಲ್ಲಿ ಎಂಟಿವಿಯಲ್ಲಿ ಆ ಹಾಡು ಬರುತ್ತಿತ್ತು. ಅದರ ವಿಡಿಯೊ ನಿರ್ದೇಶಿಸಿದವರು ಜಲಂಧರಿನಲ್ಲಿ ಹುಟ್ಟಿದ ತರ್ಸೆಮ್ ಸಿಂಗ್ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಆ ಹಾಡಿನಲ್ಲಿ ಗಾಯಕನ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತದೆ. ಅದಕ್ಕೆ ಎಂಟು ವರ್ಷ ಹಿಂದೆ ಅದೇ ಗಾಯಕ ಹಾಡಿದ್ದನ್ನು ಕೇಳಿದರೆ ಇದು ಇಂಗ್ಲಿಷ್ ಹೌದೋ ಅಲ್ಲವೋ ಎಂಬ ಅನುಮಾನ ಬರುತ್ತದೆ. ಇಂಗ್ಲಿಷ್ ಮನೆಮಾತಾದವರಿಗೂ ಬಂದಿತ್ತು. 'ಗೊಣಗಾಟ' ಎಂದು ಕೆಲವರು ಅದನ್ನು ತಳ್ಳಿಹಾಕಿದರು. ಅದೇ ಗೊಣಗಾಟವನ್ನು ಆ ವರ್ಷದ ಕೊನೆಗೆ 'ರೋಲಿಂಗ್ ಸ್ಟೋನ್' ಪತ್ರಿಕೆಯ ವಿಮರ್ಶಕರು ವರ್ಷದ ಶ್ರೇಷ್ಠ ಆಲ್ಬಮ್ ಎಂದು ಆರಿಸಿದರು. ಮೈಕಲ್ ಜಾಕ್ಸನ್ನರ 'ಥ್ರಿಲ್ಲರ್', ಪೊಲೀಸ್ ತಂಡದ 'ಸಿಂಕ್ರೊನಿಸಿಟಿ', ಯು2 ತಂಡದ 'ವಾರ್' ಎಲ್ಲವೂ ಆ ಸಾಲಿನಲ್ಲಿ ಇದರ ಹಿಂದೆ ನಿಂತವು.

ಆ ಅಸ್ಪಷ್ಟತೆಯನ್ನು ತಂಡ ಬೇಕೆಂದೇ, ಶ್ರಮಪಟ್ಟು ಕಟ್ಟಿತು ಎಂಬುದು ನನ್ನ ವಾದ. ಗಾಯಕನ ಮಾತು ಮಬ್ಬಾಗಿದ್ದರೂ ಹಾಡು ಕೈಬಿಟ್ಟು ಹೋಗದಿರುವುದು ಉಳಿದ ಮೂವರ ಕೈ ಅಷ್ಟು ಖಚಿತವಾಗಿದ್ದುದರಿಂದ. ಇದನ್ನು ಗಮನಿಸದೆ ಈ ಆಲ್ಬಮ್ಮನ್ನು ಮೆಚ್ಚುವವರೂ ಬೈಯುವವರೂ ಒಂದೇ ತಪ್ಪು ಮಾಡುತ್ತಾರೆ: ಇಬ್ಬರೂ ಗಾಯಕನನ್ನು ಮಾತ್ರ ಕೇಳುತ್ತಾರೆ.

ಊರಿನಿಂದ ಶುರುಮಾಡೋಣ. ಅಮೆರಿಕದ ದಕ್ಷಿಣದಲ್ಲಿರುವ ಜಾರ್ಜಿಯಾ ರಾಜ್ಯದ ಅಥೆನ್ಸ್ ಒಂದು ವಿಶ್ವವಿದ್ಯಾಲಯದ ಊರು. ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಸನ್ನದು ಸಿಕ್ಕಿದ್ದು 1785ರಲ್ಲಿ. ಎಪ್ಪತ್ತರ ದಶಕದ ಕೊನೆಗೆ ಅಲ್ಲಿನ ಕಲಾಶಾಲೆಯ ಹುಡುಗ ಹುಡುಗಿಯರ ಸುತ್ತ ಒಂದು ಸಂಗೀತದ ವಲಯ ಬೆಳೆದಿತ್ತು. ಬಿ-52ಸ್ ತಂಡ ಅಲ್ಲಿಂದ ಹೊರಟು ನ್ಯೂಯಾರ್ಕಿನಲ್ಲಿ ಹೆಸರು ಮಾಡಿತ್ತು. ಪೈಲನ್ ಎಂಬ ಇನ್ನೊಂದು ತಂಡ ಊರಲ್ಲೇ ಉಳಿದು ಹೆಸರು ಮಾಡಿತ್ತು. ಊರಿನ ಒಂದು ಕ್ಲಬ್ಬಿನ ಹೆಸರು '40 ವಾಟ್'. ಒಂದೇ ಒಂದು ನಲವತ್ತು ವಾಟಿನ ಬಲ್ಬಿನ ಕೆಳಗೆ ಶುರುವಾದ ಜಾಗವಾದ್ದರಿಂದ ಆ ಹೆಸರು.

ಪೀಟರ್ ಬಕ್ ಆ ಊರಿನ 'ವಕ್ಸ್‌ಟ್ರಿ' ಎಂಬ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಮುಂದೆ ತಂಡದ ಗಾಯಕರಾದ ಕಲಾವಿದ್ಯಾರ್ಥಿ ಮೈಕಲ್ ಸ್ಟೈಪ್ ಅಲ್ಲಿಗೆ ರೆಕಾರ್ಡು ಕೊಳ್ಳಲು ಬರುತ್ತಿದ್ದರು. ತಾನು ಇಟ್ಟುಕೊಳ್ಳಬೇಕೆಂದಿದ್ದ ರೆಕಾರ್ಡುಗಳನ್ನೇ ಈ ಗಿರಾಕಿ ಆರಿಸುತ್ತಾನಲ್ಲ ಎಂದು ಬಕ್ ಮಾತಿಗೆ ಎಳೆದರಂತೆ. ಇಬ್ಬರಿಗೂ ಪ್ಯಾಟಿ ಸ್ಮಿತ್ ಮತ್ತು ವೆಲ್ವೆಟ್ ಅಂಡರ್‌ಗ್ರೌಂಡ್ ಎಂದರೆ ಪ್ರಾಣ. ಬಕ್‌ಗೆ ಆಗ ಗಿಟಾರ್ ಅಷ್ಟಕ್ಕಷ್ಟೇ. ತಾಳದ ಕಡೆಯ ಇಬ್ಬರು, ಬೇಸ್ ಗಿಟಾರಿನ ಮೈಕ್ ಮಿಲ್ಸ್ ಮತ್ತು ಡ್ರಮ್ಸಿನ ಬಿಲ್ ಬೆರಿ, ಮೇಕನ್ ಊರಿನವರು. ಹೈಸ್ಕೂಲಿನ ಕಾಲದಿಂದ ಕೂಡಿ ನುಡಿಸಿದವರು. ಅರ್ಧ ತಂಡ ಅಭಿರುಚಿ ಇದ್ದೂ ಕೈ ಪಳಗದವರದು, ಇನ್ನರ್ಧ ಕೈ ಪಳಗಿದವರದು. 1980ರ ಏಪ್ರಿಲ್ 5ರಂದು ಪೂಜೆ ನಿಂತುಹೋಗಿದ್ದ ಹಳೆಯ ಚರ್ಚೊಂದರಲ್ಲಿ, ಬಕ್ ಮತ್ತು ಸ್ಟೈಪ್ ಬಾಡಿಗೆಗಿದ್ದ ಕಟ್ಟಡದಲ್ಲೇ, ಒಂದು ಹುಟ್ಟುಹಬ್ಬದ ಪಾರ್ಟಿಗೆ ಅವರು ಮೊದಲ ಬಾರಿ ನುಡಿಸಿದರು.

ಮುಂದಿನ ವರ್ಷ, 1981ರಲ್ಲಿ, ಅಟ್ಲಾಂಟಾದ ಹಿಬ್-ಟೋನ್ ಎಂಬ ಪುಟ್ಟ ಕಂಪನಿಯಿಂದ 'ರೇಡಿಯೊ ಫ್ರೀ ಯೂರೋಪ್' ಎಂಬ ಸಿಂಗಲ್ ಬಂತು. ಅದನ್ನು ರೆಕಾರ್ಡ್ ಮಾಡಿದ್ದು ಪಕ್ಕದ ನಾರ್ತ್ ಕ್ಯಾರೊಲಿನಾ ರಾಜ್ಯದ ವಿನ್‌ಸ್ಟನ್-ಸೇಲಮ್‌ನಲ್ಲಿ, ಮಿಚ್ ಈಸ್ಟರ್ ಎಂಬವರು ತಮ್ಮ ತಂದೆತಾಯಿಯ ಮನೆಯ ಗ್ಯಾರೇಜಿನಲ್ಲಿ ಮಾಡಿಕೊಂಡಿದ್ದ ಸ್ಟುಡಿಯೊದಲ್ಲಿ. ಹೆಸರಿನ ರೇಡಿಯೊ ನಿಜವಾದದ್ದು. ಶೀತಲ ಸಮರದ ಕಾಲದಲ್ಲಿ ಅಮೆರಿಕದ ದುಡ್ಡಿನಲ್ಲಿ ಮ್ಯೂನಿಕ್‌ನಿಂದ ಪೂರ್ವ ಯೂರೋಪಿಗೆ ಪ್ರಸಾರ ಮಾಡುತ್ತಿದ್ದ ಬಾನುಲಿ ಅದು. ಹಾಡಿನಲ್ಲಿ ಅದರ ಬಗ್ಗೆ ಏನು ಹೇಳಿದ್ದಾರೆ ಎಂದು ಕೇಳಿದರೆ ಉತ್ತರ ಕಷ್ಟ. ರೆಕಾರ್ಡಿಂಗ್ ಹೊತ್ತಿಗೆ ಸಾಹಿತ್ಯ ಪೂರ್ತಿಯಾಗಿರಲಿಲ್ಲ, ಬಾಯಿಗೆ ಬಂದದ್ದನ್ನು ಹಾಡಿದೆ ಎಂಬ ಅರ್ಥದಲ್ಲಿ ಸ್ಟೈಪ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆದರೂ ಆ ಸಿಂಗಲ್ ವಿಮರ್ಶಕರ ಕಣ್ಣಿಗೆ ಬಿತ್ತು, ಐ.ಆರ್.ಎಸ್. ಎಂಬ ಕಂಪನಿ 1982ರಲ್ಲಿ ತಂಡವನ್ನು ಒಪ್ಪಂದಕ್ಕೆ ತೆಗೆದುಕೊಂಡಿತು. ಅದೇ ವರ್ಷ 'ಕ್ರಾನಿಕ್ ಟೌನ್' ಎಂಬ ಐದು ಹಾಡಿನ ಕಿರುಮುದ್ರಿಕೆ ಬಂತು. ಪೂರ್ಣ ಪ್ರಮಾಣದ ಆಲ್ಬಮ್ಮಿನ ಮಾತು ಬಂದಾಗ ಗೊಂದಲವೂ ಬಂತು.

ಈ ಗೊಂದಲದ ಹತ್ತಿರ ಸ್ವಲ್ಪ ನಿಲ್ಲಬೇಕು. ಆಲ್ಬಮ್ ಏನಾಗಬಾರದು ಎಂದು ತಂಡಕ್ಕೆ ತಿಳಿದದ್ದು ಇಲ್ಲೇ. ಕಂಪನಿಯವರು ಸ್ಟೀಫನ್ ಹೇಗ್ ಎಂಬ ನಿರ್ಮಾಪಕರನ್ನು ಗೊತ್ತುಮಾಡಿದರು. 1982ರ ಡಿಸೆಂಬರಿನಲ್ಲಿ 'ಕೆಟಪಲ್ಟ್' ಎಂಬ ಒಂದು ಹಾಡನ್ನು ಪ್ರಯೋಗಕ್ಕಾಗಿ ರೆಕಾರ್ಡ್ ಮಾಡಿಸಿದರು. ಹೇಗ್ ಕಟ್ಟುನಿಟ್ಟಿನ ಮನುಷ್ಯ. ಬೆರಿ ಯಂತ್ರದ ಟಿಕ್ ಟಿಕ್ ಸದ್ದಿಗೆ ಹೊಂದಿಸಿ ನುಡಿಸಬೇಕು. ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಬೇಕು, ಎಷ್ಟು ಸಲ ನುಡಿಸಿದರೂ ಸಾಲದು. ಕೊನೆಗೆ ತಂಡ ಕೇಳಿದ ಟೇಪಿನಲ್ಲಿ ಅವರು ನುಡಿಸದೇ ಇದ್ದ ಸಿಂಥಸೈಜರ್ ಸೇರಿಕೊಂಡಿತ್ತು. ಬೆರಿಯವರ ಆತ್ಮವಿಶ್ವಾಸವೇ ಅಲ್ಲಾಡಿಹೋಗಿತ್ತು ಎಂದು ಉಳಿದವರು ನೆನೆದಿದ್ದಾರೆ. ಹೇಗ್ ಕೆಟ್ಟ ನಿರ್ಮಾಪಕರೇನಲ್ಲ. ಮುಂದೆ ಪೆಟ್ ಶಾಪ್ ಬಾಯ್ಸ್, ನ್ಯೂ ಆರ್ಡರ್ ತಂಡಗಳಿಗೆ ಅವರು ಮಾಡಿಕೊಟ್ಟ ಕೆಲಸ ಆ ಬಗೆಯ ಸಂಗೀತದಲ್ಲಿ ಎತ್ತರದ್ದು. ಆದರೆ ಅವರ ನಿಖರತೆ ಬೇರೆ ಜಾತಿಯದು. ಎಲ್ಲವನ್ನೂ ಸಮಾನವಾಗಿ ಬೆಳಕಿಗೆ ಹಿಡಿಯುವಂಥದ್ದು. ಈ ನಾಲ್ವರಿಗೆ ಬೇಕಾದದ್ದು ಅದಲ್ಲ.

ಈಸ್ಟರ್ ಅವರೇ ಬೇಕು ಎಂದು ತಂಡ ಪಟ್ಟು ಹಿಡಿಯಿತು. ಕಂಪನಿ ಅರೆಮನಸ್ಸಿನಿಂದ ಇನ್ನೊಂದು ಪ್ರಯೋಗಕ್ಕೆ ಒಪ್ಪಿತು. ಈಸ್ಟರ್ ತಮ್ಮ ಜತೆಗೆ ಡಾನ್ ಡಿಕ್ಸನ್ ಅವರನ್ನು ಕರೆದುಕೊಂಡರು, 'ಪಿಲ್‌ಗ್ರಿಮೇಜ್' ಎಂಬ ಒಂದು ಹಾಡು ಸಿದ್ಧವಾಯಿತು, ಅದನ್ನು ಕೇಳಿ ಕಂಪನಿ ಸುಮ್ಮನಾಯಿತು. 1983ರ ಜನವರಿ, ಫೆಬ್ರುವರಿಯಲ್ಲಿ ನಾರ್ತ್ ಕ್ಯಾರೊಲಿನಾದ ಶಾರ್ಲಟ್ ನಗರದ ರಿಫ್ಲೆಕ್ಷನ್ ಸ್ಟುಡಿಯೊದಲ್ಲಿ ಉಳಿದದ್ದು ಮುಗಿಯಿತು. ಕ್ರೈಸ್ತ ಭಕ್ತಿಗೀತೆಗಳ ರೆಕಾರ್ಡಿಂಗೂ ನಡೆಯುತ್ತಿದ್ದ ಸ್ಟುಡಿಯೊ ಅದು. ತಂಡದ ಷರತ್ತು ಎರಡೇ: ಗಿಟಾರಿನ ಏಕವ್ಯಕ್ತಿ ಪ್ರದರ್ಶನ ಬೇಡ, ಸಿಂಥಸೈಜರ್ ಬೇಡ.

1983 ಎಂದರೆ ಯಾವ ಕಾಲ ಎಂದು ನೆನಪಿಸಿಕೊಂಡರೆ ಈ ಎರಡು 'ಬೇಡ'ಗಳ ತೂಕ ಗೊತ್ತಾಗುತ್ತದೆ. ಯಮಹಾ ಡಿಎಕ್ಸ್7 ಕೀಬೋರ್ಡು ಮಾರುಕಟ್ಟೆಗೆ ಬಂದ ವರ್ಷ ಅದು. ರೇಡಿಯೊದಲ್ಲಿ ಡ್ರಮ್ಸ್ ಎಂದರೆ ದೊಡ್ಡ ಗೋದಾಮಿನಲ್ಲಿ ಬಾಗಿಲು ಬಡಿದಂಥ ಸದ್ದು. ಹಾಗೆ ಕೇಳುತ್ತಿದ್ದ ಕಿವಿಗೆ 'ಮರ್ಮರ್'ನ ಡ್ರಮ್ಸ್ ಒಣಗಿದ ಸೌದೆಯ ಸದ್ದಿನಂತೆ, ಚಿಕ್ಕದಾಗಿ, ಹತ್ತಿರದಲ್ಲಿ ಕೇಳುತ್ತದೆ. ಆಮೇಲಿನ ಹತ್ತು ವರ್ಷ ಬಂದ ಎಷ್ಟೋ ಆಲ್ಬಮ್ಮುಗಳಿಗೆ ಇವತ್ತು ವಯಸ್ಸಾದಂತೆ ಕಂಡರೆ, ಇದಕ್ಕೆ ಆಗಿಲ್ಲದಿರಲು ಆ ಡ್ರಮ್ಸೇ ಕಾರಣ.

ಈಗ ಒಳಗೆ ಹೋಗೋಣ. ಮೊದಲ ಹಾಡು ಅದೇ 'ರೇಡಿಯೊ ಫ್ರೀ ಯೂರೋಪ್', ಹೊಸದಾಗಿ ರೆಕಾರ್ಡ್ ಮಾಡಿದ್ದು. ವಿದ್ಯುತ್ತಿನ ಗುಂಯ್‌ಗುಡುವಿಕೆಯಂಥ ಒಂದು ವಿಚಿತ್ರ ಸದ್ದು ಕೆಲವು ಕ್ಷಣ ಮಿಸುಕಾಡುತ್ತದೆ. ಸ್ಟೇಷನ್ ಹಿಡಿಯುವ ಮೊದಲು ರೇಡಿಯೊ ಮಾಡುವ ಸದ್ದು ಎಂದುಕೊಳ್ಳಬಹುದು. ಅದನ್ನು ಕತ್ತರಿಸಿಕೊಂಡು ಡ್ರಮ್ಸ್ ಬರುತ್ತದೆ. ಹಳೆಯ ಸಿಂಗಲ್ಲೇ ಮೇಲು ಎಂದು ಬಕ್ ಅನೇಕ ಸಲ ಹೇಳಿದ್ದಾರೆ. ಅಭಿಮಾನಿಗಳಲ್ಲೂ ಈ ಜಗಳ ಇನ್ನೂ ಮುಗಿದಿಲ್ಲ. ಬಿಡಿಯಾಗಿ ಕೇಳಿದರೆ ಹಳೆಯದೇ ಹೆಚ್ಚು ಚುರುಕು, ಒಪ್ಪುತ್ತೇನೆ. ಆದರೆ ಒಂದು ಆಲ್ಬಮ್ಮಿನ ಬಾಗಿಲಾಗಿ ನಿಲ್ಲಬೇಕಾದಾಗ ಹೊಸದರ ನಿಧಾನವೇ ಸರಿ. ಆ ನಿಧಾನದಲ್ಲಿ ಮಿಲ್ಸ್ ಅವರ ಬೇಸ್ ಏನು ಮಾಡುತ್ತಿದೆ ಎಂದು ಕೇಳಲು ಬಿಡುವು ಸಿಗುತ್ತದೆ.

ಈ ಬೇಸ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಸಾಮಾನ್ಯವಾಗಿ ರಾಕ್ ತಂಡದಲ್ಲಿ ಗಿಟಾರ್ ರಾಗ ಹಿಡಿಯುತ್ತದೆ, ಬೇಸ್ ಕೆಳಗೆ ನಿಂತು ಆಧಾರ ಕೊಡುತ್ತದೆ. ಇಲ್ಲಿ ಬಕ್ ಅವರ ರಿಕನ್‌ಬ್ಯಾಕರ್ ಗಿಟಾರ್ ಸ್ವರಗುಚ್ಛಗಳನ್ನು ಒಂದೊಂದೇ ತಂತಿಯಾಗಿ ಬಿಡಿಸಿ ಮೀಟುತ್ತ ಒಂದು ಜಾಲರಿ ನೇಯುತ್ತದೆ. ಅರವತ್ತರ ದಶಕದ ಬರ್ಡ್ಸ್ ತಂಡದ ನೆನಪು ತರುವ ಕಿಣಿಕಿಣಿ ಅದು. ಅದರ ಕೆಳಗೆ ಹಾಡುವುದು ಬೇಸ್. ಪಲ್ಲವಿಗೆ ಹೋಗುವಾಗ ಮೇಲಕ್ಕೆ ಹತ್ತಿ, ಸ್ಟೈಪ್ ಒಂದು ದಿಕ್ಕಿಗೆ ಎಳೆದರೆ ತಾನು ಇನ್ನೊಂದು ದಿಕ್ಕಿಗೆ ಎಳೆದು, ಮತ್ತೆ ಬಂದು ಕೂಡುತ್ತದೆ. ಮಿಲ್ಸ್ ಹಿಂದಿನಿಂದ ಹಾಡುವ ಎರಡನೆಯ ಕಂಠವೂ ಹಾಗೆಯೇ. ಅದು ಮುಖ್ಯ ಗಾಯಕನ ಸಾಲನ್ನು ಮತ್ತೆ ಹೇಳುವುದಿಲ್ಲ, ಅದರ ಪಕ್ಕದಲ್ಲಿ ತನ್ನದೇ ಇನ್ನೊಂದು ಸಾಲು ನಡೆಸುತ್ತದೆ. ಪದ ಒಂದೂ ತಿಳಿಯದಿದ್ದರೂ 'ಸಿಟಿಂಗ್ ಸ್ಟಿಲ್' ಹಾಡು ಮುಗಿದ ಮೇಲೆ ಬಾಯಲ್ಲಿ ಉಳಿಯುವುದು ಹೇಗೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಮಿಲ್ಸ್.

ಸ್ಟೈಪ್ ಅವರ ಕಂಠದ ಮಾತಿಗೆ ಬರೋಣ. ಶಾರ್ಲಟ್‌ನ ಆ ಸ್ಟುಡಿಯೊದಲ್ಲಿ ಅವರು ಹಾಡಿದ್ದು ನಿಯಂತ್ರಣ ಕೋಣೆಯ ಹೊರಗೆ ಮೆಟ್ಟಿಲಿಳಿಯುವ ಜಾಗದಲ್ಲಿ, ದೀಪ ಆರಿಸಿ, ಯಾರ ಕಣ್ಣಿಗೂ ಬೀಳದಂತೆ. ನಿರ್ಮಾಪಕರು ಅದಕ್ಕೆ ಒಪ್ಪಿಕೊಂಡರು. ಮಿಕ್ಸಿಂಗಿನಲ್ಲಿ ಆ ಕಂಠವನ್ನು ಮುಂದಕ್ಕೆ ತರದೆ ವಾದ್ಯಗಳ ನಡುವೆಯೇ ಕೂರಿಸಿದರು. ಜನಪ್ರಿಯ ಸಂಗೀತದಲ್ಲಿ ಇದು ಬಹುಪಾಲು ಯಾರೂ ಮಾಡದ ಕೆಲಸ. ಅಲ್ಲಿ ಕಂಠವೇ ಸರಕು. 'ಪಿಲ್‌ಗ್ರಿಮೇಜ್' ಶುರುವಿನಲ್ಲಿ ಯಾವುದೋ ದೂರದ ಕೋಣೆಯಿಂದ ಎಂಬಂತೆ ಬರುವ ದನಿ, ತಾಳ ಕೂಡಿಕೊಂಡ ಮೇಲೆ ಹತ್ತಿರಕ್ಕೆ ಬರುತ್ತದೆ. ಹತ್ತಿರ ಬಂದ ಮೇಲೂ ಏನು ಹೇಳುತ್ತಿದೆ ಎಂಬುದು ಅರ್ಧವೇ ಕೈಗೆ ಸಿಗುತ್ತದೆ. ಆಲ್ಬಮ್ಮಿನ ಜತೆ ಸಾಹಿತ್ಯದ ಹಾಳೆಯೂ ಇರಲಿಲ್ಲ. ಈ ತಂಡ ಆಲ್ಬಮ್ಮಿನ ಎಲ್ಲ ಹಾಡುಗಳ ಸಾಹಿತ್ಯವನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದ್ದು 1998ರ 'ಅಪ್' ಆಲ್ಬಮ್ಮಿನಲ್ಲಿ, ಅಂದರೆ ಹದಿನೈದು ವರ್ಷದ ಮೇಲೆ.

ನಮ್ಮಲ್ಲಿ ಈ ಅನುಭವ ಅಪರೂಪವಲ್ಲ. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಖಯಾಲ್ ಕೇಳಲು ರಾತ್ರಿಯಿಡೀ ಕೂತವರಲ್ಲಿ ಎಷ್ಟು ಜನಕ್ಕೆ ಬಂದಿಶಿನ ಬ್ರಜಭಾಷೆ ತಿಳಿಯುತ್ತಿತ್ತು? ವಿಲಂಬಿತದಲ್ಲಿ ಒಂದು ಪದದ ಮೊದಲ ಅಕ್ಷರಕ್ಕೂ ಎರಡನೆಯದಕ್ಕೂ ನಡುವೆ ಅರ್ಧ ರಾಗವೇ ಬಂದುಹೋಗುತ್ತದೆ. ಯಾರೂ ಎದ್ದು 'ಬುವಾ, ಸ್ವಲ್ಪ ಬಿಡಿಸಿ ಹೇಳಿ' ಎನ್ನಲಿಲ್ಲ. ಕೇಳುಗನ ಕೈ ತಬಲಾದ ಠೇಕಾದ ಮೇಲಿರುತ್ತದೆ. ಸಮ್ ಎಲ್ಲಿ ಬೀಳುತ್ತದೆ ಎಂಬುದು ಗೊತ್ತಿರುವುದರಿಂದ ಪದ ಕರಗಿಹೋದರೂ ಅವನು ಕಳೆದುಹೋಗುವುದಿಲ್ಲ. ಬಿಲ್ ಬೆರಿ ಈ ಆಲ್ಬಮ್ಮಿನಲ್ಲಿ ಮಾಡುವುದು ಅದನ್ನೇ. ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನೂ ಹೇಳಬೇಕು. ಖಯಾಲಿನಲ್ಲಿ ಪಠ್ಯ ಎಲ್ಲೋ ಒಂದು ಕಡೆ ಇದ್ದೇ ಇದೆ, ಗುರುವಿನ ಬಾಯಲ್ಲೋ ಪುಸ್ತಕದಲ್ಲೋ. ಸ್ಟೈಪ್ ಅವರ ಹಾಡಿನ ಹಿಂದೆ ಹುಡುಕುತ್ತ ಹೋದರೆ ಕೆಲವು ಕಡೆ ಪಠ್ಯವೇ ಇಲ್ಲ. ಉಚ್ಚಾರದ ಸುಖಕ್ಕಾಗಿ ಕೂಡಿಸಿದ ಅಕ್ಷರಗಳು ಮಾತ್ರ. ಕೆಲವರಿಗೆ ಇದು ಮೋಸ ಎನಿಸಬಹುದು. ನನಗೆ ಹಾಗೆ ಅನಿಸಿಲ್ಲ.

ಯಾಕೆಂದರೆ ಎಲ್ಲ ಹಾಡುಗಳಲ್ಲೂ ಮಬ್ಬು ಒಂದೇ ದಪ್ಪದ್ದಲ್ಲ. 'ಲಾಫಿಂಗ್' ಹಾಡಿನಲ್ಲಿ ಗ್ರೀಕ್ ಪುರಾಣದ ಲಾವೊಕೂನ್ ಬರುತ್ತಾನೆ. ಟ್ರಾಯ್ ನಗರದವರಿಗೆ ಮರದ ಕುದುರೆಯನ್ನು ಒಳಗೆ ಬಿಡಬೇಡಿ ಎಂದು ಎಚ್ಚರಿಸಿ, ಇಬ್ಬರು ಮಕ್ಕಳ ಸಮೇತ ಹಾವುಗಳ ಹಿಡಿತಕ್ಕೆ ಸಿಕ್ಕ ಪುರೋಹಿತ. ಸ್ಟೈಪ್ ಅವನನ್ನು ಹೆಣ್ಣಾಗಿಸಿದ್ದಾರೆ. ಎಚ್ಚರಿಸಿದ ತಾಯಿ, ಕೇಳದ ಊರು, ನಡುವೆ ನಗು. ಇಷ್ಟು ತುಣುಕು ಸಿಕ್ಕರೆ ಸಾಕು, ಮಿಕ್ಕದ್ದನ್ನು ಕೇಳುಗ ಕಟ್ಟಿಕೊಳ್ಳುತ್ತಾನೆ. 'ಟಾಕ್ ಅಬೌಟ್ ದ ಪ್ಯಾಶನ್' ಹಸಿವಿನ ಹಾಡು. ಅದರಲ್ಲಿ ಇರುವುದು ಕೆಲವೇ ಸಾಲು, ಒಂದು ತುಂಡು ಫ್ರೆಂಚ್. ಎಲ್ಲರ ಹಸಿವನ್ನೂ ಹೊರಲಾರೆವು ಎಂಬ ಅಸಹಾಯಕತೆ ಆ ಕೆಲವೇ ಸಾಲುಗಳ ಪುನರಾವರ್ತನೆಯಲ್ಲಿದೆ. ನಡುವೆ ಒಂದು ಚೆಲ್ಲೊ ಬರುತ್ತದೆ, ಆಲ್ಬಮ್ಮಿನ ಅತ್ಯಂತ ಗಂಭೀರ ಸ್ವರ ಅದು. 1988ರಲ್ಲಿ ಇದೇ ಹಾಡಿಗೆ ಜೆಮ್ ಕೋಹೆನ್ ಒಂದು ವಿಡಿಯೊ ಮಾಡಿದರು: ಬೀದಿಯಲ್ಲಿ ಬದುಕುವವರು ಒಂದು ಕಡೆ, ಯುದ್ಧನೌಕೆ ಇನ್ನೊಂದು ಕಡೆ. ರಾಜಕೀಯವಾಗಿ ಸರಿಯಾದ ಮಾತು. ಆದರೆ ಹಾಡು ಅಲ್ಲಿ ಚಿಕ್ಕದಾಯಿತು ಎಂದೇ ನನ್ನ ಅಭಿಪ್ರಾಯ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಗೊತ್ತಿಲ್ಲದಿದ್ದಾಗ ಆ ಪ್ರಶ್ನೆ ನನಗೆ ಬಂದು ತಗಲುತ್ತಿತ್ತು. ಹಡಗು ತೋರಿಸಿದ ಮೇಲೆ ಅದು ಸರ್ಕಾರಕ್ಕೆ ಹೋಯಿತು.

ಮೊದಲ ಬದಿಯ ಕೊನೆಯ ಹಾಡು 'ಪರ್ಫೆಕ್ಟ್ ಸರ್ಕಲ್'. ಈ ಆಲ್ಬಮ್ಮಿನಲ್ಲಿ ಒಂದೇ ಹಾಡು ಉಳಿಸಿಕೋ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಸ್ವರಸಂಯೋಜನೆ ಹೆಚ್ಚಾಗಿ ಡ್ರಮ್ಸಿನ ಬೆರಿಯವರದು. ಇದರಲ್ಲಿ ಎರಡು ಪಿಯಾನೊ ಒಟ್ಟಿಗೆ ನುಡಿಯುತ್ತವೆ: ಒಂದು ದೊಡ್ಡ ಗ್ರ್ಯಾಂಡ್ ಪಿಯಾನೊ, ಇನ್ನೊಂದು ಶ್ರುತಿ ಸ್ವಲ್ಪ ಜಾರಿದ ಹಳೆಯ ನೆಟ್ಟಗಿನ ಪಿಯಾನೊ. ಶ್ರುತಿ ಪೂರ್ತಿ ಕೂಡದಿರುವುದರಿಂದ ಪ್ರತಿ ಸ್ವರದ ಅಂಚೂ ಸಣ್ಣಗೆ ನಡುಗುತ್ತದೆ. ಯಾವ ಯಂತ್ರದಿಂದಲೂ ಆ ನಡುಕ ತರಲಾಗುವುದಿಲ್ಲ. ನಮ್ಮ ವೀಣೆಯವರು ಇದನ್ನು ಕೇಳಿದರೆ ಮುಖ ಸಿಂಡರಿಸಬಹುದು, ಇರಲಿ. ಈ ಹಾಡಿನ ಹಿಂದಿನ ಭಾವವನ್ನು ಬಕ್ ಹೇಳಿಕೊಂಡಿದ್ದಾರೆ. ಊರೂರು ಸುತ್ತಿ ದಣಿದಿದ್ದ ಒಂದು ಪ್ರವಾಸದಲ್ಲಿ, ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ, ಮುಸ್ಸಂಜೆಯ ಬೆಳಕಲ್ಲಿ ಹುಡುಗರು ಫುಟ್‌ಬಾಲ್ ಆಡುವುದನ್ನು ನೋಡಿ ಅವರಿಗೆ ಕಾರಣವಿಲ್ಲದೆ ಕಣ್ಣೀರು ಬಂತಂತೆ. ಅದನ್ನು ಹಾಡಿನಲ್ಲಿ ಹಿಡಿಯುವಂತೆ ಸ್ಟೈಪ್ ಅವರನ್ನು ಕೇಳಿದರಂತೆ. ಹಾಡಿನಲ್ಲಿ ಫುಟ್‌ಬಾಲ್ ಇಲ್ಲ, ಟ್ರೆಂಟನ್ ಇಲ್ಲ, ಹುಡುಗರ ಹೆಸರಿಲ್ಲ. ಆ ಸಂಜೆ ಮಾತ್ರ ಇದೆ.

ಎರಡನೆಯ ಬದಿ ಮೊದಲನೆಯದರಷ್ಟು ಗಟ್ಟಿಯಲ್ಲ. ಹೇಗ್ ಕೈಯಲ್ಲಿ ಹಾಳಾಗಿದ್ದ 'ಕೆಟಪಲ್ಟ್' ಇಲ್ಲಿ ಚೇತರಿಸಿಕೊಂಡಿದೆ. 'ಶೇಕಿಂಗ್ ಥ್ರೂ' ಚೆನ್ನಾಗಿದೆ. ಅದು ಮುಗಿದ ಮೇಲೆ ಹೆಸರಿಲ್ಲದ ಒಂದು ವಾದ್ಯದ ತುಣುಕು ಬಂದುಹೋಗುತ್ತದೆ, ಪಕ್ಕದ ಕೋಣೆಯ ಬಾಗಿಲು ತೆರೆದು ಮುಚ್ಚಿದ ಹಾಗೆ. '9-9' ಬಗ್ಗೆ ಗೊಣಗಾಟ ಎನ್ನುವವರ ಜತೆ ನಾನೂ ಸೇರುತ್ತೇನೆ. ಅಲ್ಲಿ ತಾಳವೂ ತುಂಡುತುಂಡು, ಮಾತೂ ತುಂಡುತುಂಡು, ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ನನ್ನ ವಾದಕ್ಕೆ ಇದು ಉಲ್ಟಾ ಪುರಾವೆ ಎಂದು ಬೇಕಾದರೆ ತೆಗೆದುಕೊಳ್ಳಿ. 'ವಿ ವಾಕ್' ಮಕ್ಕಳ ಪದ್ಯದಂಥ ಹಗುರ ಹಾಡು. ಆಲ್ಬಮ್ಮಿನಲ್ಲಿ ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ಅದರ ಹಿನ್ನೆಲೆಯಲ್ಲಿ ಗುಡುಗುಡು ಎಂದು ಉರುಳುವ ಒಂದು ಸದ್ದಿದೆ. ಗುಡುಗು ಎಂದೇ ಯಾರಾದರೂ ಅಂದುಕೊಳ್ಳಬೇಕು. ಅದು ಬೆರಿ ಬಿಲಿಯರ್ಡ್ಸ್ ಮೇಜಿನಲ್ಲಿ ಚೆಂಡು ಹೊಡೆಯುತ್ತಿದ್ದುದನ್ನು ರೆಕಾರ್ಡ್ ಮಾಡಿ, ಟೇಪನ್ನು ನಿಧಾನಗೊಳಿಸಿ ಬಳಸಿದ್ದು. ಅಚ್ಚುಕಟ್ಟಿನ ಸಾಂಪ್ರದಾಯಿಕ ಗಿಟಾರ್ ತಂಡ ಎಂದು ಇವರನ್ನು ಕರೆಯುವವರು ಇಂಥ ಕುಚೇಷ್ಟೆಗಳನ್ನು ಗಮನಿಸಿಲ್ಲ.

ಹೊದಿಕೆಯ ಚಿತ್ರದ ಬಗ್ಗೆ ಎರಡು ಮಾತು. ಮುಂಭಾಗದಲ್ಲಿ ಹೊಲವನ್ನೋ ಮರಗಳನ್ನೋ ಪೂರ್ತಿ ನುಂಗಿ ಹಬ್ಬಿದ ಕುಡ್ಜು ಬಳ್ಳಿ. ಇದು ಜಪಾನಿನ ಗಿಡ; 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಅಮೆರಿಕದವರು ಅಲಂಕಾರಕ್ಕೆಂದು ಮೆಚ್ಚಿಕೊಂಡದ್ದು. 1930ರ ದಶಕದಲ್ಲಿ ಮಣ್ಣಿನ ಸವಕಳಿ ತಡೆಯಲು ಸರ್ಕಾರವೇ ದಕ್ಷಿಣದ ರೈತರಿಂದ ಇದನ್ನು ನೆಡಿಸಿತು. ಆಮೇಲೆ ಅದು ಯಾರ ಮಾತೂ ಕೇಳದೆ ಬೇಲಿ, ಹಾಳುಮನೆ, ತಂತಿಕಂಬ ಎಲ್ಲದರ ಮೇಲೂ ಹರಡಿತು. ಆ ಊರಿನವರಿಗೆ ದಿನಾ ಕಣ್ಣಿಗೆ ಬೀಳುವ ಕಳೆ. ಹೊರಗಿನವರಿಗೆ ಭೂತದ ಸಿನಿಮಾ. ಹಿಂಭಾಗದಲ್ಲಿ ಅಥೆನ್ಸಿನ ಒಂದು ಹಳೆಯ ಮರದ ರೈಲು ಸೇತುವೆ. ಅದನ್ನು ಕೆಡವುವ ಮಾತು ಬಂದಾಗ ಅಭಿಮಾನಿಗಳು ಅಡ್ಡ ನಿಂತರು. ಊರಿನವರ ಬಾಯಲ್ಲಿ ಅದಕ್ಕೆ ಆಲ್ಬಮ್ಮಿನ ಹೆಸರೇ ನಿಂತಿತು. ತಂಡ ನ್ಯೂಯಾರ್ಕಿಗೋ ಲಾಸ್ ಏಂಜಲಿಸ್‌ಗೋ ಮನೆ ಬದಲಾಯಿಸಲಿಲ್ಲ. 'ರೇಡಿಯೊ ಫ್ರೀ ಯೂರೋಪ್' ವಿಡಿಯೊ ತೆಗೆದದ್ದೂ ಜಾರ್ಜಿಯಾದ ಸಮ್ಮರ್‌ವಿಲ್‌ನಲ್ಲಿ, ಹೊವರ್ಡ್ ಫಿನ್‌ಸ್ಟರ್ ಎಂಬ ಪಾದ್ರಿ ಚಿತ್ರಕಾರ ಹಳೆಯ ಸಾಮಾನುಗಳಿಂದ ಕಟ್ಟಿದ್ದ ತೋಟದಲ್ಲಿ.

ಮಾರಾಟದ ಲೆಕ್ಕ ಕೇಳಿದರೆ ಮೊದಲ ವರ್ಷ ಸುಮಾರು 2 ಲಕ್ಷ ಪ್ರತಿ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆಲ್ಬಮ್ 36ನೆಯ ಸ್ಥಾನದವರೆಗೆ ಹೋಯಿತು, ಸಿಂಗಲ್ 78ರಲ್ಲಿ ನಿಂತಿತು. 5 ಲಕ್ಷದ ಗೆರೆ ದಾಟಿದ ಪ್ರಮಾಣಪತ್ರ ಸಿಕ್ಕಿದ್ದು 1991ರಲ್ಲಿ, ತಂಡ ಜಗತ್ಪ್ರಸಿದ್ಧವಾದ ಮೇಲೆ. ಅಷ್ಟಾದರೂ ಆದದ್ದು ವಿಶ್ವವಿದ್ಯಾಲಯಗಳ ರೇಡಿಯೊ ಕೇಂದ್ರಗಳಿಂದ. ಅಮೆರಿಕದಲ್ಲಿ ಎಫ್‌ಎಂ ಪಟ್ಟಿಯ ಎಡತುದಿ, 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಜಾಗ, ಜಾಹೀರಾತಿಲ್ಲದ ಕೇಂದ್ರಗಳಿಗೆ ಮೀಸಲು. ವಿದ್ಯಾರ್ಥಿಗಳು ತಮಗೆ ಇಷ್ಟ ಬಂದದ್ದನ್ನು ಅಲ್ಲಿ ಹಾಕುತ್ತಿದ್ದರು. ತಂಡ ಒಂದು ವ್ಯಾನಿನಲ್ಲಿ ಅಂಥ ಊರುಗಳನ್ನೇ ಸುತ್ತಿತು. ಆ ವರ್ಷದ ಆಗಸ್ಟಿನಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಪೊಲೀಸ್ ತಂಡಕ್ಕೆ ಮುಂಚಿನ ಕಛೇರಿಯೂ ಸಿಕ್ಕಿತು, ಆದರೆ ಅಂಥ ದೊಡ್ಡ ವೇದಿಕೆಯಲ್ಲಿ ಇನ್ನೊಬ್ಬರ ಜನರ ಮುಂದೆ ನುಡಿಸುವುದು ಅವರಿಗೆ ಹಿಡಿಸಲಿಲ್ಲ. ಅಕ್ಟೋಬರ್ 6ರಂದು ಡೇವಿಡ್ ಲೆಟರ್‌ಮನ್ ಅವರ ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. ಮೊದಲ ಹಾಡು ಮುಗಿದು ಲೆಟರ್‌ಮನ್ ಮಾತಿಗೆ ಬಂದರೆ ಗಾಯಕ ಹಿಂದೆ ಸರಿದು ಡ್ರಮ್ಸಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಉತ್ತರ ಕೊಟ್ಟವರು ಬಕ್ ಮತ್ತು ಮಿಲ್ಸ್. ಎರಡನೆಯ ಹಾಡಿಗೆ ಇನ್ನೂ ಹೆಸರೇ ಇಟ್ಟಿರಲಿಲ್ಲ.

ಇನ್ನೊಂದು ವಿಷಯವಿದೆ, ಸಂಗೀತಕ್ಕೆ ಹೊರಗಿನದು ಎನಿಸಿದರೂ ಹೊರಗಿನದಲ್ಲ. ಹಾಡು ಯಾರು ಬರೆದರು ಎಂಬ ಜಾಗದಲ್ಲಿ ಎಲ್ಲ ಹಾಡಿಗೂ ನಾಲ್ವರ ಹೆಸರು, ಅಕಾರಾದಿಯಾಗಿ: ಬೆರಿ, ಬಕ್, ಮಿಲ್ಸ್, ಸ್ಟೈಪ್. ಕೊನೆಯ ಹಾಡಿಗೆ ಹೊರಗಿನವರೊಬ್ಬರ ಹೆಸರು ಸೇರಿದೆ, ಅಷ್ಟೆ. ದುಡ್ಡೂ ಸಮಪಾಲು. ಎಷ್ಟೋ ತಂಡಗಳು ಒಡೆದದ್ದು ಈ ಲೆಕ್ಕದಲ್ಲೇ. ಇಲ್ಲಿ ಡ್ರಮ್ಸಿನವರು ಪಿಯಾನೊ ಹಾಡು ಕಟ್ಟಬಹುದು, ಬೇಸಿನವರು ಗಾಯಕನಿಗೆ ಎದುರು ದನಿ ತೆಗೆಯಬಹುದು, ಗಾಯಕ ಹಿಂದೆ ಸರಿದು ನಿಲ್ಲಬಹುದು. ಮಿಕ್ಸಿಂಗಿನಲ್ಲಿ ಕೇಳುವ ಸಮಪಾಲು ಕಾಗದದ ಮೇಲೂ ಇದ್ದದ್ದರಿಂದ ಈ ತಂಡ 2011ರವರೆಗೆ ಬಾಳಿತು ಎಂದು ನಾನು ನಂಬುತ್ತೇನೆ.

ಪ್ರಭಾವದ ಬಗ್ಗೆ ಬಹಳ ಹೇಳಬೇಕಿಲ್ಲ. ನಿರ್ವಾಣ ತಂಡದ ಕರ್ಟ್ ಕೋಬೇನ್ ಇವರನ್ನು ತೆರೆದ ಬಾಯಲ್ಲಿ ಮೆಚ್ಚಿದರು. ಪೇವ್‌ಮೆಂಟ್ ತಂಡ ಇವರ ಬಗ್ಗೆಯೇ ಒಂದು ಹಾಡು ಕಟ್ಟಿತು. ರೇಡಿಯೊಹೆಡ್ 1995ರಲ್ಲಿ ಇವರ ಜತೆ ಊರೂರು ತಿರುಗಿತು. 2007ರಲ್ಲಿ ತಂಡಕ್ಕೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ ಪರ್ಲ್ ಜಾಮ್‌ನ ಎಡ್ಡಿ ವೆಡರ್ ಸ್ವಾಗತ ಭಾಷಣ ಮಾಡಿದರು. ಈ ಆಲ್ಬಮ್ಮನ್ನು ಬಿಡದೆ ಕೇಳಿದ್ದಕ್ಕೆ ಒಂದು ಕಾರಣ, ಆ ಮನುಷ್ಯ ಏನು ಹೇಳುತ್ತಿದ್ದಾನೆಂದು ತಿಳಿದೇ ತೀರಬೇಕಿತ್ತು ಎಂದರು. ಅನುಕರಿಸಿದವರು ಇನ್ನೂ ಬಹಳ ಮಂದಿ. ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಕಿಣಿಕಿಣಿ ಗಿಟಾರ್ ಹಿಡಿದು ಬಾಯೊಳಗೇ ಹಾಡುವ ತಂಡಗಳು ಕಾಲೇಜಿಗೊಂದರಂತೆ ಹುಟ್ಟಿದವು. ಅವುಗಳಲ್ಲಿ ಬಹುಪಾಲು ಇವತ್ತು ಯಾರ ನೆನಪಿನಲ್ಲೂ ಇಲ್ಲ. ಗೊಣಗುವುದು ಸುಲಭ, ಮಿಲ್ಸ್ ಮತ್ತು ಬೆರಿ ಸಿಗುವುದು ಕಷ್ಟ.

ಸ್ಟೈಪ್ ಅವರೂ ಅಲ್ಲೇ ನಿಲ್ಲಲಿಲ್ಲ. 1986ರಲ್ಲಿ ಡಾನ್ ಗೇಮನ್ ಎಂಬ ನಿರ್ಮಾಪಕರು ಮಾತು ಸ್ಪಷ್ಟವಾಗಲಿ ಎಂದು ಒತ್ತಾಯಿಸಿದ ಮೇಲೆ ಕಂಠ ಮುಂದಕ್ಕೆ ಬಂತು, ಅರ್ಥವೂ ಬಂತು, ಜನವೂ ಬಂದರು. ಅದಕ್ಕೆ ಮುಂಚೆ, ಎರಡನೆಯ ಆಲ್ಬಮ್ಮಿನ ಕಾಲದಲ್ಲಿ, ಅದೇ ಶಾರ್ಲಟ್ ಸ್ಟುಡಿಯೊದಲ್ಲಿ ನಡೆದ ಒಂದು ಸಂಗತಿ ನನಗೆ ಬಹಳ ಇಷ್ಟ. ಒಂದು ದಿನ ಸ್ಟೈಪ್‌ಗೆ ಹಾಡುವ ಹುರುಪೇ ಇರಲಿಲ್ಲ. ಅವರನ್ನು ಎಬ್ಬಿಸಲೆಂದು ಡಿಕ್ಸನ್, ಅಲ್ಲೇ ಬಿದ್ದಿದ್ದ ಯಾವುದೋ ಭಕ್ತಿಗೀತೆಯ ರೆಕಾರ್ಡನ್ನು ಕೈಗೆ ಕೊಟ್ಟರು. ಸ್ಟೈಪ್ ಅದರ ಹಿಂಬದಿಯಲ್ಲಿ ಅಚ್ಚಾಗಿದ್ದ ಪರಿಚಯದ ಬರಹವನ್ನು, ಗಾಯಕರ ಹೆಸರು, ಹೊಗಳಿಕೆ, ಎಲ್ಲವನ್ನೂ, ಆ ದಿನದ ಹಾಡಿನ ಮಟ್ಟಿಗೆ ಕೂಡಿಸಿ ಪೂರ್ತಿ ಹಾಡಿಬಿಟ್ಟರು. 1987ರಲ್ಲಿ 'ವಾಯ್ಸ್ ಆಫ್ ಹೆರಾಲ್ಡ್' ಎಂಬ ಹೆಸರಿನಲ್ಲಿ ಅದು ಹೊರಬಂತು. ಹಾಸ್ಯಕ್ಕೆ ಮಾಡಿದ್ದು. ಆದರೂ ಅದನ್ನು ಕೇಳುತ್ತ ಕೂತರೆ ಎದೆ ತುಂಬಿ ಬರುತ್ತದೆ, ರೆಕಾರ್ಡಿನ ಹಿಂಬದಿಯ ಬರಹಕ್ಕೆ!

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂತು. ಈಗ ಎರಡು ಹಾಡು ಹಾಕುತ್ತಾರೆ, ಮೊದಲು 'ಲಾಫಿಂಗ್', ಆಮೇಲೆ 'ಪರ್ಫೆಕ್ಟ್ ಸರ್ಕಲ್'. 'ಲಾಫಿಂಗ್' ಶುರುವಾಗುವುದೇ ಬೇಸ್ ಮತ್ತು ಡ್ರಮ್ಸಿನಿಂದ. ಗಾಯಕ ಬಂದ ಮೇಲೂ ದಯವಿಟ್ಟು ಕಿವಿಯನ್ನು ಅಲ್ಲೇ ಇಡಿ, ಮಾತನ್ನು ಹಿಡಿಯಲು ಹೋಗಬೇಡಿ. ಎರಡನೆಯದರಲ್ಲಿ ಶ್ರುತಿ ಜಾರಿದ ಪಿಯಾನೊ ಯಾವುದು ಎಂದು ಗುರುತಿಸಿ. ಪ್ರಶ್ನೆಗಳಿದ್ದರೆ ಹಾಡು ಮುಗಿದ ಮೇಲೆ ತೆಗೆದುಕೊಳ್ಳೋಣ; ಸಾಹಿತ್ಯದ ಅರ್ಥ ಏನು ಎಂಬ ಪ್ರಶ್ನೆಯನ್ನು ಮಾತ್ರ ಅಧ್ಯಕ್ಷರಿಗೆ ಕೇಳಿ.